ಮುಂದಿನವರ ಕಾಲು

ನಮ್ಮ ಶಾಲೆಯ ಡ್ರಿಲ್ ಮಾಸ್ತರರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ದಾದರ್ ಸ್ಟೇಷನ್ನಿನ ಸೇತುವೆಯ ಮೇಲೆ. ಸಂಜೆಯ ಹೊತ್ತು ಆ ಸೇತುವೆಯ ಮೇಲೆ ನಿಂತು ಮಾತಾಡುವುದೆಂದರೆ ಹಿಂದೆ ಬರುವವರಿಂದ ನಾಲ್ಕು ಭಾಷೆಯಲ್ಲಿ ಬೈಸಿಕೊಳ್ಳುವುದೆಂದೇ ಅರ್ಥ. ಆದರೂ ಒಬ್ಬ ಹುಡುಗಿ ನನ್ನ ಕೈ ಹಿಡಿದು ಬದಿಯ ಕಂಬಿಯ ಹತ್ತಿರ ಎಳೆದುಕೊಂಡಳು.

“ಟೀಚರ್, ಪೆಹಚಾನಾ ಕ್ಯಾ? ನಾನು ಡ್ರಿಲ್‌ನಲ್ಲಿ ಲೀಡರ್ ಇದ್ದೆ.”

ಗುರುತು ಹಿಡಿಯದೆ ಇರುತ್ತೇನೆಯೇ? ಏಳನೆಯ ತರಗತಿಯಲ್ಲಿ ಎರಡು ಜಡೆ ಮಡಚಿ ಕೆಂಪು ರಿಬ್ಬನ್ ಕಟ್ಟಿಕೊಂಡು ಬರುತ್ತಿದ್ದವಳು. ಈಗ ಸೀರೆ, ಹೆಗಲಿಗೆ ಪರ್ಸು, ಫೋರ್ಟಿನ ಯಾವುದೋ ಆಫೀಸಿನಲ್ಲಿ ಟೈಪಿಸ್ಟಂತೆ. ನಾನು ಕಲಿಸಿದ ಕನ್ನಡವನ್ನು ಮಾತ್ರ ಅರ್ಧ ದಾರಿಯಲ್ಲೇ ಎಲ್ಲೋ ಇಳಿಸಿ ಬಂದಿದ್ದಳು.

“ಡ್ರಿಲ್ ಸರ್ ಗುಜರ್ ಗಯೇ, ಟೀಚರ್. ಹೋದ ಶುಕ್ರವಾರ. ಅವರ ಮಗಳು ನಮ್ಮ ಬಿಲ್ಡಿಂಗ್‌ಗೆ ಬಂದು ಹೇಳಿದಳು.”

ನಾನು ಅವಳ ಕೈ ಬಿಗಿಯಾಗಿ ಹಿಡಿದುಕೊಂಡೆ. ಅವಳು ಕೆಳಗಿನ ಹಳಿಗಳನ್ನು ನೋಡುತ್ತ ಕೇಳಿದಳು. “ಅವತ್ತು ನಾನು ಅವರಿಗೆ ಹೌದು ಅಂದೆನಲ್ಲ... ಗಲತಿ ಆಯ್ತಾ ಟೀಚರ್, ತಪ್ಪಾಯ್ತಾ?” ಅಷ್ಟರಲ್ಲಿ ಬೊರಿವಲಿ ಗಾಡಿ ಬಂತು, ಜನ ನುಗ್ಗಿದರು, ಅವಳೊಂದು ಕಡೆಗೆ ನಾನೊಂದು ಕಡೆಗೆ. ಅವಳಿಗೆ ಉತ್ತರ ಕೊಡುವುದು ಹಾಗೇ ಉಳಿಯಿತು. ಅವಳು ಯಾವ ಮಾತಿಗೆ ಹೌದು ಅಂದದ್ದು ಎಂದು ಹೇಳಬೇಕಾದರೆ ಮೊದಲು ಆ ಮನುಷ್ಯ ಯಾರೆಂದು ಹೇಳಬೇಕು.

ಹೆಸರು ಬೇಡ. ಶಾಲೆಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದಿಲ್ಲ. ನಮಗೆ ಡ್ರಿಲ್ ಮಾಸ್ತರರು, ಮಕ್ಕಳಿಗೆ ಡ್ರಿಲ್ ಸರ್, ಪ್ಯೂನನಿಗೆ ಕವಾಯತ್ ಸಾಹೇಬ. ಹಾಜರಿಗೆ ಸಹಿ ಮಾಡುವಾಗ ತನ್ನ ಹೆಸರು ತನಗೇ ಹೊಸದಾಗಿ ಕಾಣುತ್ತದೆ ಎಂದು ಅವರೇ ನಗುತ್ತಿದ್ದರು. ಬಿಜಾಪುರದ ಕಡೆಯ ಮುಸ್ಲಿಮರು. ಮನೆಯಲ್ಲಿ ದಖ್ಖನಿ, ಹೊರಗೆ ಕನ್ನಡ, ಸಿಟ್ಟು ಬಂದರೆ ಎರಡೂ. ಬಿಳಿ ಪ್ಯಾಂಟು, ಬಿಳಿ ಅಂಗಿ, ಕುತ್ತಿಗೆಗೆ ದಾರ ಕಟ್ಟಿದ ಸೀಟಿ, ಮತ್ತು ಮೀಸೆ. ಆ ಮೀಸೆ ನೋಡಿದವರೆಲ್ಲ ಇವರು ಮಿಲಿಟರಿಯಲ್ಲಿ ಇದ್ದು ಬಂದವರು ಎಂದೇ ತಿಳಿದಿದ್ದರು. ನಾನು ಒಮ್ಮೆ ಕೇಳಿಯೇ ಬಿಟ್ಟೆ.

“ಎಲ್ಲೀ ಮಿಲಿಟ್ರಿ ತಂದ್ರಿ ಅಕ್ಕಾರ! ಎದಿ ಅಳತಿ ಸಾಲೂದಿಲ್ಲ ಅಂತ ಭರ್ತಿ ಮಾಡ್ಕೊಳ್ಳಲಿಲ್ಲ. ಆವತ್ತಿನಿಂದ ಎದಿ ಮುಂದ ಮಾಡಿ ನಡ್ಯಾಕತ್ತೇನಿ. ಇನ್ನೊಮ್ಮೆ ಅಳ್ಯಾಕ ಯಾರೂ ಬರಲಿಲ್ಲ.”

ಅವರ ಕಡೆ ಶಿಕ್ಷಕಿಯನ್ನು ಹಾಗೆ ಅಕ್ಕಾರ ಎಂದೇ ಕರೆಯುವುದು. ಉಡುಪಿ ಕಡೆಯವಳಾದ ನನಗೆ ಮೊದಮೊದಲು ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಅನಿಸುತ್ತಿತ್ತು. ನನ್ನ ಮನೆ ಬೊರಿವಲಿಯಲ್ಲಿ, ಶಾಲೆ ಚೆಂಬೂರಿನಲ್ಲಿ. ದಾದರಿನಲ್ಲೊಮ್ಮೆ ಇಳಿದು ಸೇತುವೆ ದಾಟಬೇಕು, ಕುರ್ಲಾದಲ್ಲೊಮ್ಮೆ ಗಾಡಿ ಬದಲಿಸಬೇಕು. ಪ್ರಾರ್ಥನೆ ಮುಗಿಯುವ ಹೊತ್ತಿಗೆ ಏದುಸಿರು ಬಿಡುತ್ತ ಗೇಟಿನೊಳಗೆ ಬಂದರೆ ಡ್ರಿಲ್ ಮಾಸ್ತರರು ಮಕ್ಕಳ ಎದುರಿಗೇ ದೊಡ್ಡ ದನಿಯಲ್ಲಿ ಹೇಳುವರು. “ಸಾವಧಾನ್! ಅಕ್ಕಾರು ಬಂದ್ರು, ಈಗ ಬೆಳಗಾತು.” ಮಕ್ಕಳು ಕಿಸಕ್ಕೆನ್ನುವವು. ನನಗೆ ಮೈ ಉರಿಯುತ್ತಿತ್ತು. ಆದರೆ ಹೆಡ್‌ಮಾಸ್ಟ್ರು ನನ್ನ ತಡವನ್ನು ಬರೆದುಕೊಳ್ಳಲು ಪೆನ್ನು ತೆಗೆದಾಗ, “ಮಳಿಗಾಲದಾಗ ಸೆಂಟ್ರಲ್ ಲೈನ್ ಅಂದ್ರ ಹಂಗ ರೀ, ನಾನೂ ಲೇಟ ಬಂದೇನಿ” ಎಂದು ಸುಳ್ಳು ಹೇಳಿ ತಪ್ಪಿಸುತ್ತಿದ್ದವರೂ ಅವರೇ. ಅವರ ಮನೆ ಶಾಲೆಯ ಹಿಂದಿನ ಚಾಳಿನಲ್ಲೇ ಇತ್ತು.

ನಮ್ಮದು ಮುನಿಸಿಪಾಲಿಟಿಯ ಕನ್ನಡ ಶಾಲೆ. ಹೋಟೆಲಿನವರ ಮಕ್ಕಳು, ರಿಫೈನರಿಯಲ್ಲಿ ಕೆಲಸಕ್ಕಿದ್ದವರ ಮಕ್ಕಳು ಸ್ವಲ್ಪ ಇದ್ದರು. ಹೆಚ್ಚಿನವರು ಬಿಜಾಪುರ, ಗುಲ್ಬರ್ಗಾ ಕಡೆಯಿಂದ ಬಂದು ಕಟ್ಟಡದ ಕೆಲಸ ಮಾಡುವವರ ಮಕ್ಕಳು. ಒಂದು ಬಿಲ್ಡಿಂಗ್ ಎದ್ದು ನಿಂತಿತೆಂದರೆ ಅಪ್ಪ ಅಮ್ಮ ಇನ್ನೊಂದು ಕಡೆಗೆ ಹೋಗುವರು, ಮಕ್ಕಳೂ ಹೋಗುವವು. ಅವುಗಳ ಜಾಗಕ್ಕೆ ನಡುವರ್ಷದಲ್ಲಿ ಹೊಸ ಮಕ್ಕಳು ಬರುವವು. ನಾನು ಅಕ್ಷರ ತಿದ್ದಿಸಿ ತಿದ್ದಿಸಿ ಇನ್ನೇನು ಓದಲು ಬಂತು ಎನ್ನುವಾಗ ಮಗುವೇ ಮಾಯ. ನಾನು ಹಣೆ ಚಚ್ಚಿಕೊಳ್ಳುತ್ತಿದ್ದೆ. ಡ್ರಿಲ್ ಮಾಸ್ತರರು ಇದಕ್ಕೆ ತಮ್ಮದೇ ಒಂದು ಉಪಾಯ ಮಾಡಿಕೊಂಡಿದ್ದರು. ಹೊಸ ಮಗುವಿಗೆ ಎಡ ಬಲ ಎಂದು ಕಲಿಸುತ್ತ ಕೂಡುತ್ತಿರಲಿಲ್ಲ. ಹಳೆಯ ಮಗುವಿನ ಹಿಂದೆ ತಂದು ನಿಲ್ಲಿಸಿ ಒಂದೇ ಮಾತು ಹೇಳುವರು.

“ನಿನ್ನ ಕಾಲು ನೋಡಬ್ಯಾಡ. ನನ್ನ ಬಾಯೀನೂ ಕೇಳಬ್ಯಾಡ. ಮುಂದಿನವರ ಕಾಲು ನೋಡು. ಅದು ಹೆಂಗ ಬೀಳತೈತಿ ಹಂಗ ಹಾಕು.”

ಅಷ್ಟೇ ಪಾಠ. ಮಾರನೆಯ ದಿನ ಆ ಮಗು ಸಾಲಿನಲ್ಲಿ ಸರಿಯಾಗಿ ನಡೆಯುತ್ತಿತ್ತು. ಬೇರೆ ಶಾಲೆಗಳಲ್ಲಿ ಡ್ರಿಲ್ ಮಾಸ್ತರರು ಬದಿಯಲ್ಲಿ ನಿಂತು ಕೂಗುತ್ತಾರೆ, ಇವರು ಮಾತ್ರ ಸಾಲಿನ ಮುಂದೆ ತಾವೇ ನಡೆಯುವರು. “ಮತ್ತ ಮೊದಲನೇದವರು ಯಾರ ಕಾಲು ನೋಡಬೇಕ್ರಿ?” ಎಂದು ಕೇಳುವರು.

ಹೆಜ್ಜೆಯ ಸದ್ದಿನ ವಿಷಯದಲ್ಲಂತೂ ಅವರು ಮಹಾ ಹಟಮಾರಿ. “ನಮ್ಮೂರ ಗುಮ್ಮಟದಾಗ ಒಂದ ಸಲ ಚಪ್ಪಾಳಿ ಹೊಡದ್ರ ಏಳು ಸಲ ಕೇಳಸ್ತೈತಿ. ಅದು ಅದರ ದೊಡ್ಡಸ್ತನ. ನೀವು ಇಷ್ಟೂ ಮಂದಿ ಕಾಲು ಹಾಕಿದ್ರ ಒಂದ ಸಲ ಕೇಳಸ್ಬೇಕು. ಇದು ನಿಮ್ಮ ದೊಡ್ಡಸ್ತನ” ಎಂದು ಮಕ್ಕಳಿಗೆ ಹೇಳುವರು. ಗೋಳಗುಮ್ಮಟವನ್ನು ಒಮ್ಮೆಯೂ ನೋಡದ ಚೆಂಬೂರಿನ ಮಕ್ಕಳಿಗೆ ಅದರ ಬಗ್ಗೆ ಎಂಥ ಜಂಬ! ಮಧ್ಯಾಹ್ನದ ಬಿಡುವಿನಲ್ಲಿ ಅವರು ಜೋಳದ ಭಕ್ರಿ, ಪುಂಡಿಪಲ್ಯದ ಡಬ್ಬಿ ಬಿಚ್ಚಿ ನನಗೂ ಅರ್ಧ ಮುರಿದು ಕೊಡುವಾಗಲೂ ಕಿವಿ ಮಾತ್ರ ಹೊರಗೆ. “ಯಾವನೋ ಕಾಲು ಎಳಕೊಂಡು ಹೊಂಟಾನ, ಕೇಳ್ರಿ” ಎನ್ನುವರು. ಹೋಗಿ ನೋಡಿದರೆ ಯಾವನೋ ಎಳೆದುಕೊಂಡು ಹೋಗುತ್ತಲೇ ಇರುತ್ತಿದ್ದ.

ಅಂಥವರಿಗೆ ಒಂದು ದೀಪಾವಳಿ ರಜೆಯಲ್ಲಿ ಪಾರ್ಶ್ವವಾಯು ಬಡಿಯಿತು.

ನೋಡಲು ಹೋದಾಗ ಚಾಳಿನ ಗ್ಯಾಲರಿಯಲ್ಲಿ ಮಂಚ ಹಾಕಿ ಮಲಗಿಸಿದ್ದರು. ಎಡಗೈ, ಎಡಗಾಲು ಎರಡೂ ಬಿದ್ದುಹೋಗಿದ್ದವು. ಮೀಸೆಯ ಎಡತುದಿ ಕೂಡ ಸ್ವಲ್ಪ ಇಳಿದಿತ್ತು. ಮಾತಿಗೆ ಮಾತ್ರ ಏನೂ ಆಗಿರಲಿಲ್ಲ.

“ನಾಲಿಗಿ ಬಿದ್ದಿದ್ರ ಮನ್ಯಾಗಿನವರಿಗೆ ಆರಾಮ ಇತ್ರಿ ಅಕ್ಕಾರ. ಅಲ್ಲಾ ಅವರ ಕಡೆ ನೋಡಲಿಲ್ಲ” ಎಂದರು.

ಅವರ ಹೆಂಡತಿ ಚಹಾ ತಂದಿಟ್ಟು ನನ್ನ ಹತ್ತಿರ ದೂರು ಹೇಳಿದರು. “ಕಿತ್ತಾ ಬೋಲೀ ಬಾಯೀ, ಸುನತೇಚ್ ನೈ.” ಎಷ್ಟು ಹೇಳಿದರೂ ಕೇಳುವುದೇ ಇಲ್ಲವಂತೆ. ವಿಷಯ ಏನೆಂದರೆ, ಲಕ್ವಾಕ್ಕೆ ಪಾರಿವಾಳದ ಬಿಸಿರಕ್ತ ತಿಕ್ಕಬೇಕು, ಅದರ ಸಾರು ಕುಡಿಸಬೇಕು ಎಂದು ಆಕೆಯ ತಮ್ಮ ಬಿಜಾಪುರದಿಂದ ರೈಲಿನಲ್ಲಿ ಬುಟ್ಟಿಯೊಳಗೆ ಒಂದು ಜೋಡಿ ಪಾರಿವಾಳ ತಂದಿದ್ದ. ಮಾಸ್ತರರು ಯಾರೂ ಇಲ್ಲದ ಹೊತ್ತು ಬಲಗೈ ಚಾಚಿ ಬುಟ್ಟಿಯ ಮುಚ್ಚಳ ತೆಗೆದುಬಿಟ್ಟಿದ್ದರು. ಹಾರಿ ಹೋದವೇ? ಅದೂ ಇಲ್ಲ. ಅಲ್ಲೇ ಚಾಳಿನ ಸೂರಿನಲ್ಲಿ ಸಂಸಾರ ಹೂಡಿ, ದಿನವೂ ಅವರ ಮಂಚದ ಮುಂದೆ ಓಡಾಡಿಕೊಂಡಿದ್ದವು.

“ಹೆಂಗ ಎದಿ ಮುಂದ ಮಾಡಿ ನಡೀತೈತಿ ನೋಡ್ರಿ ಅದು. ಅದನ್ನ ಕೊಯ್ದು ನಾ ನಡೀಬೇಕಾ?” ಎಂದು ಕೇಳಿದರು ಮಾಸ್ತರರು. ಹೆಂಡತಿ ಹಣೆಗೆ ಕೈ ಹಚ್ಚಿಕೊಂಡು ಒಳಗೆ ಹೋದರು.

ಮುನಿಸಿಪಾಲಿಟಿ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಹೆಂಗಸೊಬ್ಬರು ಅವರನ್ನು ನಿಧಾನವಾಗಿ ಎಬ್ಬಿಸಿ ನಿಲ್ಲಿಸಿದರು. ಬೇಸಗೆಯ ಹೊತ್ತಿಗೆ ಕೋಲು ಹಿಡಿದು ನಡೆದರು. ನಡೆಯುವುದು ಸರಿಯಾಗಿದೆಯೋ ಇಲ್ಲವೋ ತಮಗೇ ತಿಳಿಯಲಿ ಎಂದು ಆಕೆ ಇವರನ್ನು ನಿಲುಗನ್ನಡಿಯ ಎದುರು ನಡೆಸಿದರಂತೆ. ಇವರು ಕನ್ನಡಿಯಲ್ಲಿ ನೋಡಿದ್ದು ಏನನ್ನು? ಮೀಸೆಯನ್ನು. ಬಿಟ್ಟರೆ ಎದೆಯನ್ನು. “ಕನ್ನಡ್ಯಾಗ ನಾ ಬರಾಬ್ಬರ ಇದ್ದೆ. ಆ ಹೆಣ್ಮಗಳಿಗೇ ಕಣ್ಣು ಸರಿ ಇಲ್ಲ” ಎಂದು ನನ್ನ ಹತ್ತಿರ ಹೇಳಿದರು. ತಮಾಷೆಗೆ ಹೇಳುತ್ತಿದ್ದಾರೆ ಅಂದುಕೊಂಡು ನಾನು ನಕ್ಕೆ. ಅವರು ನಗಲಿಲ್ಲ. ಆಗ ನನಗೆ ಅರ್ಥವಾಯಿತು, ಅವರಿಗೆ ನಿಜವಾಗಿಯೂ ಗೊತ್ತಿಲ್ಲ ಎಂದು.

ಜೂನಿನಲ್ಲಿ ಶಾಲೆ ತೆರೆದಾಗ ಕೋಲು ಬಿಟ್ಟು ಬಂದರು. ಬಲಗಾಲಿನ ಮೇಲೆ ನಿಶ್ಚಿಂತೆಯಿಂದ ನಿಲ್ಲುವರು. ಎಡಗಾಲನ್ನು ಸೊಂಟದಿಂದಲೇ ಎತ್ತಿ, ಹೊರಗಿನಿಂದ ಸುತ್ತು ಹಾಕಿಸಿ, ಬೂಟಿನ ತುದಿಯನ್ನು ನೆಲಕ್ಕೆ ಎಳೆಯುತ್ತ ತಂದು ಮುಂದೆ ಇಡುವರು. ಇಟ್ಟದ್ದೇ ತಡ, ಬಿಸಿ ಹಂಚು ತುಳಿದವರ ಹಾಗೆ ಅವಸರದಿಂದ ಬಲಗಾಲನ್ನು ತಂದು ಊರುವರು. ಸೋತ ಕಾಲಿನ ಮೇಲೆ ಒಂದು ಗಳಿಗೆ ಹೆಚ್ಚು ನಿಲ್ಲಲು ಅವರ ಮೈಗೆ ನಂಬಿಕೆಯೇ ಇರಲಿಲ್ಲ. ಹೀಗಾಗಿ ಒಂದು ಹೆಜ್ಜೆ ಉದ್ದ, ಒಂದು ಹೆಜ್ಜೆ ಮೋಟು. ಎಡಗೈಯನ್ನು ಪ್ಯಾಂಟಿನ ಜೇಬಿಗೆ ಸೇರಿಸಿರುತ್ತಿದ್ದರು. ಎಡ ಬೂಟಿನ ತುದಿ ಮಾತ್ರ ಸವೆದು ಬಾಯಿ ಬಿಟ್ಟಿತ್ತು. ಸ್ಟೇಷನ್ನಿನ ಹೊರಗೆ ಕೂಡುವ ಚಮ್ಮಾರನ ಹತ್ತಿರ ಹೊಲಿಸುವುದು, ಅದು ಮತ್ತೆ ಸವೆಯುವುದು. “ಈಗಿನ ಬೂಟು ಮಾಡೋ ಮಂದಿಗೆ ನಿಯತ್ತಿಲ್ರಿ. ಒಂದು ಬೂಟು ಚಲೋ ಹೊಲೀತಾರ, ಇನ್ನೊಂದು ಹಾಳು ಹೊಲೀತಾರ” ಎಂದು ಶಪಿಸುತ್ತಿದ್ದರು. ಅಯ್ಯೋ ದೇವರೇ, ಏನೆಂದು ಹೇಳುವುದು ಇವರಿಗೆ?

ಆ ವರ್ಷದ ಕೊನೆಗೆ ಅವರ ನಿವೃತ್ತಿ. ಅಂದರೆ ಮುಂದೆ ಬರುವ ಆಗಸ್ಟ್ ಹದಿನೈದು ಅವರ ಪಾಲಿಗೆ ಕೊನೆಯದು. ಧ್ವಜದ ಮುಂದೆ ಮಕ್ಕಳ ಸಾಲನ್ನು ಇನ್ನೊಂದು ಸಲ ತಾನೇ ನಡೆಸಿಕೊಂಡು ಹೋಗಬೇಕು ಎನ್ನುವುದು ಬಿಟ್ಟರೆ ಬೇರೆ ಆಸೆ ಅವರಿಗೆ ಇರಲಿಲ್ಲ. ಮಂಚದ ಮೇಲೆ ಮಲಗಿದ್ದಾಗಲೂ ಅದನ್ನೇ ಹೇಳುತ್ತಿದ್ದರಂತೆ. ಹೆಡ್‌ಮಾಸ್ಟ್ರು ಕುಂದಾಪುರದವರು, ಒಳ್ಳೆಯವರೇ. ಆದರೆ ಮೇಲಿನವರೆಂದರೆ ಬೆವರುವ ಜೀವ.

“ವಾರ್ಡ್ ಆಫೀಸಿನಿಂದ ದೊಡ್ಡವರು ಬರುತ್ತಾರೆ ಮಾಸ್ಟ್ರೆ. ನಿಮ್ಮ ನಡಿಗೆ ಅಷ್ಟೊತ್ತಿಗೆ ಸರಿಯಾದ್ರೆ ನೀವೇ ಮುಂದೆ. ಇಲ್ಲದಿದ್ದರೆ ಆ ಗಣಿತ ಕಲಿಸುವ ಹುಡುಗ ಇದ್ದಾನಲ್ಲ, ಎನ್.ಸಿ.ಸಿ. ಮಾಡಿದವ. ಬೇಜಾರು ಮಾಡಬೇಡಿ” ಎಂದರು.

“ಸರಿಯಾಗಽ ಐತಲ್ರಿ. ಬೇಕಾದ್ರ ಯಾರನ್ನರ ಕೇಳ್ರಿ” ಎಂದರು ಇವರು.

ಕೇಳಿದ್ದು ಹೆಡ್‌ಮಾಸ್ಟ್ರಲ್ಲ, ಇವರೇ. ದಿನವೂ ಸ್ಟಾಫ್ ರೂಮಿನ ಈ ತುದಿಯಿಂದ ಆ ತುದಿಗೆ ನಡೆದು ತೋರಿಸಿ ಒಬ್ಬೊಬ್ಬರನ್ನೂ ಕೇಳುವರು. “ಹೆಂಗೈತಿ?” ಪ್ಯೂನ ಹೇಳಿದ, “ಏಕದಮ್ ಬರಾಬರ್ ಸಾಹೇಬ.” ಗಣಿತದ ಹುಡುಗ ಹೇಳಿದ, “ಗೊತ್ತೇ ಆಗೋದಿಲ್ಲ ಸರ್.” ನಾನೂ ಹೇಳಿದೆ, “ಎಂಥದೂ ಇಲ್ಲ ಮಾಸ್ಟ್ರೆ, ಮೊದಲಿನ ಹಾಗೇ ಉಂಟು.” ಅಷ್ಟು ಆಸೆಯಿಂದ ಮುಖ ನೋಡುತ್ತ ನಿಂತವರಿಗೆ ಇನ್ನೇನು ಹೇಳುತ್ತೀರಿ? ನೀವಾದರೂ ಅದನ್ನೇ ಹೇಳುತ್ತಿದ್ದಿರಿ.

ಆ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಶಾಲೆಯ ಮೈದಾನ ಕೆರೆಯಾಗಿತ್ತು. ಜುಲೈ ಕಳೆಯುತ್ತ ಬಂದರೂ ಮಕ್ಕಳನ್ನು ಸಾಲಾಗಿ ನಡೆಸಲು ಆಗಿರಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ, ಇನ್ನು ಕಾದರೆ ಆಗದು ಎಂದು ಮಾಸ್ತರರು ಎಲ್ಲರನ್ನೂ ಮೊದಲ ಮಹಡಿಯ ಉದ್ದನೆಯ ವರಾಂಡಕ್ಕೆ ಕರೆದರು. ಅಲ್ಲಿ ನೆಲಕ್ಕೆ ಹಾಸಿದ್ದು ಶಹಾಬಾದಿ ಫರ್ಸಿ, ಕಲ್ಲಿನ ಚಪ್ಪಡಿ. ಮಕ್ಕಳ ಕಾಲಲ್ಲಿ ಮಳೆಗಾಲದ ಪ್ಲಾಸ್ಟಿಕ್ ಚಪ್ಪಲಿಗಳು. ಒಬ್ಬ ನಡೆದರೇ ಕಟ್ಟಡವೆಲ್ಲ ಚಟಚಟ ಎನ್ನುವ ಜಾಗ ಅದು. ನಾವು ಶಿಕ್ಷಕರೆಲ್ಲ ನಮ್ಮ ನಮ್ಮ ತರಗತಿಯ ಬಾಗಿಲಲ್ಲಿ ನಿಂತಿದ್ದೆವು.

ಮಾಸ್ತರರು ಮುಂದೆ. ಅವರ ಹಿಂದೆ ಆ ಎರಡು ಜಡೆಯ ಲೀಡರ್ ಹುಡುಗಿ. ಅವಳ ಹಿಂದೆ ಉದ್ದಕ್ಕೆ ಮಕ್ಕಳ ಸಾಲು.

“ಸಾವಧಾನ್! ಆಗೇ ಬಢೇಗಾ... ಆಗೇ ಬಢ್! ಎಡಾ, ಬಲಾ, ಎಡಾ!”

ದನಿ ಕಂಚಿನ ಹಾಗಿತ್ತು, ಒಂದಿಷ್ಟೂ ಏರುಪೇರಿಲ್ಲ. ಆದರೆ ಹಿಂದೆ ಬಿದ್ದ ಹೆಜ್ಜೆಗಳ ಸದ್ದು ಬೇರೆಯೇ. ಚಟ್‌ಚಟ್. ತಡೆ. ಮತ್ತೆ ಚಟ್‌ಚಟ್. ತಡೆ. ನಡುವೆ ಎಷ್ಟೋ ಎಡ ಚಪ್ಪಲಿಗಳು ಫರ್ಸಿಯ ಮೇಲೆ ಸರ್ರೆಂದು ಎಳೆಯುವ ಸದ್ದು.

ಮಾಸ್ತರರು ನಿಂತು ತಿರುಗಿದರು. “ಯಾರಲೇ ಅದು ಹೆಜ್ಜಿ ತಪ್ಪಸಾಕತ್ತದ್ದು? ಮತ್ತ ಮೊದಲಿಂದ!” ಮತ್ತೆ ಮೊದಲಿಂದ ನಡೆದರು. ಮತ್ತೆ ಅದೇ ಚಟ್‌ಚಟ್, ಅದೇ ತಡೆ. ಮೀಸೆ ಅದುರತೊಡಗಿತು. “ಎಡಾ ಅಂದ್ರ ಎಡಾ! ಇಷ್ಟು ವರ್ಷ ಹಿಂಗ ಕಲಿಸೇನಿ ಏನು ನಾ?”

ಸದ್ದು ಕೇಳಿ ಹೆಡ್‌ಮಾಸ್ಟ್ರು ರೂಲುದೊಣ್ಣೆ ಹಿಡಿದೇ ಹೊರಗೆ ಬಂದರು. ಒಂದು ಸಲ ನೋಡಿದರು, ಅವರ ಮುಖ ಕೆಂಪಾಯಿತು. “ಎಂಥ ಇದು? ಕಾಯಿಲೆ ಬಿದ್ದು ಎದ್ದುಬಂದ ಗುರುಗಳನ್ನು ಅಣಕಿಸುವುದಾ? ನಾಚಿಕೆ ಆಗುವುದಿಲ್ಲವಾ ನಿಮಗೆ?” ಎಂದು ನೇರವಾಗಿ ಮುಂದಿದ್ದ ಹುಡುಗಿಯ ಹತ್ತಿರ ಹೋದರು. “ನೀನು ಲೀಡರ್. ಕೈ ಚಾಚು.”

ಹುಡುಗಿ ಕೈ ಚಾಚಿದಳು. “ಅಣಕಿಸಲಿಲ್ಲ ಸರ್. ಡ್ರಿಲ್ ಸರ್ ಹೇಳಿದ್ದು, ಬಾಯಿ ಕೇಳಬೇಡಿ, ಮುಂದಿನವರ ಕಾಲು ನೋಡಿ ಅಂತ. ನಾನು ಸರ್ ಕಾಲೇ ನೋಡಿದೆ. ಅವರೆಲ್ಲ ನನ್ನದು ನೋಡಿದರು.”

ಹೆಡ್‌ಮಾಸ್ಟ್ರ ಕೈ ಮೇಲೆಯೇ ನಿಂತಿತು. ಡ್ರಿಲ್ ಮಾಸ್ತರರು ಬಂದು ಆ ರೂಲುದೊಣ್ಣೆಯನ್ನು ಬಲಗೈಯಿಂದ ಮೆಲ್ಲನೆ ಕೆಳಗಿಳಿಸಿದರು. ಆಮೇಲೆ ಹುಡುಗಿಯನ್ನು ಕೇಳಿದರು.

“ನನ್ನ ಕಾಲು ಹಿಂಗ ಬೀಳತೈತೇನವಾ?”

ಅವಳು ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಗಣಿತದ ಹುಡುಗ ಕಿಟಕಿ ನೋಡುತ್ತಿದ್ದ.

“ಹೌದು ಸರ್,” ಅಂದಳು.

ಅವರು ಬಾಗಿಲು ಬಾಗಿಲಿನಲ್ಲಿ ನಿಂತಿದ್ದ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಮಗೆ ಹಗುರಾಗುತ್ತಿತ್ತು. ಹೋಗಿ ಗೋಡೆಯ ಬದಿಯ ಬೆಂಚಿನ ಮೇಲೆ ಕೂತರು.

“ಇನ್ನೊಮ್ಮೆ ನಡೀರಿ,” ಎಂದರು ಮಕ್ಕಳಿಗೆ. “ನಾ ಇಲ್ಲೇ ಕೂಡತೀನಿ. ಸುಧಾರಸಬ್ಯಾಡ್ರಿ ಮತ್ತ. ಈಗ ಹೆಂಗ ನಡದ್ರಿ, ಹಂಗಽ.”

ಮಕ್ಕಳು ಹಿಂದೆಮುಂದೆ ನೋಡಿದರು. ಹುಡುಗಿ ಕಣ್ಣೊರೆಸಿಕೊಂಡು ಹೆಜ್ಜೆ ಇಟ್ಟಳು. ಸಾಲು ಹೊರಟಿತು. ಚಟ್‌ಚಟ್, ತಡೆ. ಚಟ್‌ಚಟ್, ತಡೆ. ಮಾಸ್ತರರು ಕಣ್ಣು ಮುಚ್ಚಿ, ತಲೆಯನ್ನು ಸ್ವಲ್ಪ ವಾಲಿಸಿ ಕೇಳುತ್ತ ಕೂತರು. ಆಸ್ಪತ್ರೆಯ ಕನ್ನಡಿ ತೋರಿಸದೆ ಹೋದದ್ದನ್ನು ಅವರು ಆ ಫರ್ಸಿಯ ಮೇಲೆ ಕೇಳಿಸಿಕೊಳ್ಳುತ್ತಿದ್ದರು. ವರಾಂಡದ ಆ ತುದಿಗೆ ಹೋದ ಸಾಲು ತಿರುಗಿ ಈ ತುದಿಗೆ ಬಂತು.

“ಥಮ್!”

ಎಲ್ಲರೂ ನಿಂತರು. ಅವರು ಕಣ್ಣು ತೆರೆದರು.

“ಭೇಷ್” ಎಂದರು. “ಒಬ್ಬರದೂ ತಪ್ಪಿಲ್ಲ. ಎಲ್ಲಾರದೂ ಒಂದ ಸಲ ಕೇಳಿಸ್ತು.”

ಅಷ್ಟು ಹೇಳಿ ಎದ್ದು, ಗೋಡೆ ಹಿಡಿದು ಮೆಟ್ಟಿಲಿಳಿದು ಮನೆಗೆ ಹೋದರು. ಎರಡು ದಿನ ಶಾಲೆಗೆ ಬರಲಿಲ್ಲ. ನಮಗೆಲ್ಲ ಅನ್ನ ರುಚಿಸಲಿಲ್ಲ ಎಂದರೆ ಅತಿಶಯವಲ್ಲ. ಮತ್ತೆ ಆಘಾತ ಆಗಿಬಿಟ್ಟರೆ ಎಂದು ಹೆಡ್‌ಮಾಸ್ಟ್ರು ಪ್ಯೂನನನ್ನು ಗಳಿಗೆಗೊಮ್ಮೆ ಚಾಳಿಗೆ ಓಡಿಸುತ್ತಿದ್ದರು. ಅವನು ಬಂದು ಹೇಳುತ್ತಿದ್ದದ್ದು ಒಂದೇ. “ಸಾಹೇಬ ಸೂರಿನ ಕಬೂತರಗಳನ್ನ ನೋಡ್ತಾ ಕೂತಿದಾರೆ.”

ಮೂರನೆಯ ದಿನ ನಾನು ಎಂದಿನಂತೆ ತಡವಾಗಿ ಗೇಟಿನೊಳಗೆ ಬಂದಾಗ, “ಈಗ ಬೆಳಗಾತು” ಎಂಬ ದನಿ ಕೇಳಿತು. ಅಬ್ಬಾ, ಜೀವ ಬಂದ ಹಾಗಾಯಿತು. ಅಷ್ಟರಲ್ಲೇ ಅವರು ಹೆಡ್‌ಮಾಸ್ಟ್ರ ಹತ್ತಿರ ಹೋಗಿ ಮಾತು ಮುಗಿಸಿಯೂ ಬಂದಿದ್ದರು.

“ಮುಂದ ಆ ಗಣಿತದ ಮಾಸ್ತರನ್ನ ನಿಲ್ಲಸ್ರಿ ಅಂತ ಹೇಳಿ ಬಂದೆ,” ಎಂದರು ನನಗೆ.

“ನೀವು ಎಂಥ ಮಾಡ್ತೀರಿ ಮಾಸ್ಟ್ರೆ?”

“ನಾ ಹೊಸದಾಗಿ ಭರ್ತಿ ಆಗೇನಲ್ರಿ. ಹೊಸಾ ಮಂದಿ ಎಲ್ಲಿ ನಿಲ್ಲತಾರ? ಕಡೀಕ.”

ತಮಾಷೆ ಅಂದುಕೊಂಡೆ. ಆದರೆ ಅಂದಿನಿಂದಲೇ ಅವರು ಸಾಲಿನ ತುದಿಗೆ ಹೋಗಿ ನಿಲ್ಲತೊಡಗಿದರು. ಆ ವಾರವಷ್ಟೇ ಶಾಲೆಗೆ ಸೇರಿದ್ದ ಒಂದು ಪುಟ್ಟ ಹುಡುಗಿ ಎಲ್ಲರಿಗಿಂತ ಹಿಂದಿರುತ್ತಿತ್ತು. ಅದರ ಅಪ್ಪ ಅಮ್ಮ ಪಕ್ಕದಲ್ಲೇ ಏಳುತ್ತಿದ್ದ ಬಿಲ್ಡಿಂಗಿನಲ್ಲಿ ಕಲ್ಲು ಹೊರುವವರು. ಕಾಲಲ್ಲಿ ಚಪ್ಪಲಿಯೂ ಇಲ್ಲ. ಮಾಸ್ತರರು ಅದರ ಹಿಂದೆ. ಮುಂದಿನ ಪುಟ್ಟ ಪಾದ ಎಷ್ಟು ಹೊತ್ತು ನೆಲದಲ್ಲಿರುತ್ತದೋ ಅಷ್ಟು ಹೊತ್ತು ತನ್ನ ಸೋತ ಕಾಲಿನ ಮೇಲೆ ನಿಲ್ಲುವುದು, ಅದು ಎದ್ದಾಗಲೇ ಏಳುವುದು. ಮಗುವಿನ ಹೆಜ್ಜೆ ಗಿಡ್ಡ, ಇವರೂ ಗಿಡ್ಡ ಹಾಕಬೇಕು. ಮೊದಲ ದಿನಗಳಲ್ಲಿ ಎಡಗಾಲಿನ ಮೇಲೆ ನಿಂತು ನಿಂತು ಬೆವರಿ ಅಂಗಿ ಬೆನ್ನಿಗೆ ಅಂಟಿಕೊಳ್ಳುತ್ತಿತ್ತು. ಎರಡು ಸಲ ಬಿದ್ದೇಬಿಟ್ಟರು ಅನ್ನುವಷ್ಟು ವಾಲಿದರು. ನಾವು ಓಡಿ ಹೋದರೆ, “ದೂರ ಸರೀರಿ, ನನಗ ಕಾಲು ಕಾಣವಲ್ದು” ಎಂದು ಗದರಿದರು. ಜೇಬಿನಲ್ಲಿ ಅಡಗಿಸಿಡುತ್ತಿದ್ದ ಎಡಗೈ ಹೊರಗೆ ಬಂದಿತ್ತು. ಚೆನ್ನಾಗಿ ಕಾಣುತ್ತಿರಲಿಲ್ಲ, ಆದರೆ ಹೊರಗಿತ್ತು.

ಆಗಸ್ಟ್ ಹದಿನೈದರ ಬೆಳಿಗ್ಗೆ ಮಳೆ ಸ್ವಲ್ಪ ಹೊತ್ತು ನಿಂತಿತು. ಮೈದಾನದ ನಡುವೆ ಇಟ್ಟಿಗೆ ಪುಡಿ ಸುರಿದು ಒಂದು ದಾರಿ ಮಾಡಿದ್ದರು. ವಾರ್ಡ್ ಆಫೀಸಿನ ದೊಡ್ಡವರು ಕುರ್ಚಿಯಲ್ಲಿ, ಹೆಡ್‌ಮಾಸ್ಟ್ರು ಬೆವರುತ್ತ ಪಕ್ಕದಲ್ಲಿ. ಧ್ವಜ ಏರಿತು. ಗಣಿತದ ಹುಡುಗ ಎದೆಯುಬ್ಬಿಸಿ ಸಾಲನ್ನು ನಡೆಸಿಕೊಂಡು ಬಂದ. ಹಿಂದೆ ಎರಡು ಜಡೆಯ ಹುಡುಗಿ. ಅವಳ ಹಿಂದೆ ಮಕ್ಕಳು, ಮಕ್ಕಳು. ಎಲ್ಲರ ಕೊನೆಗೆ ಆ ಬರಿಗಾಲ ಪುಟ್ಟ ಹುಡುಗಿ, ಅದರ ಹಿಂದೆ ಬಿಳಿ ಬಟ್ಟೆಯ ಡ್ರಿಲ್ ಮಾಸ್ತರರು.

ಧ್ವಜದ ಎದುರು ಬಂದಾಗ ಗಣಿತದ ಹುಡುಗ ಕೂಗಿದ. “ದಾಹಿನೇ ದೇಖ್!” ಎಲ್ಲರ ತಲೆ ಒಟ್ಟಿಗೆ ಬಲಕ್ಕೆ ತಿರುಗಿತು. ಪುಟ್ಟದು ಕೂಡ ತಡವಾಗಿಯಾದರೂ ತಿರುಗಿತು. ಇಷ್ಟು ವರ್ಷ ಇದೊಂದು ಕ್ಷಣಕ್ಕಾಗಿ ಮಕ್ಕಳ ಕುತ್ತಿಗೆ ಹಿಡಿದು ತಿರುಗಿಸಿ ಕಲಿಸಿದವರು, ಕಣ್ಣು ತಪ್ಪಿದವರನ್ನು ಮೈದಾನ ಸುತ್ತಿಸಿದವರು, ತಾವು ಮಾತ್ರ ತಿರುಗಲಿಲ್ಲ. ತಲೆ ಬಗ್ಗಿಸಿ ಆ ಪುಟ್ಟ ಕಾಲುಗಳನ್ನೇ ನೋಡುತ್ತ ಧ್ವಜವನ್ನು ದಾಟಿ ಹೋದರು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಕುರ್ಚಿಯ ಪಕ್ಕದಲ್ಲಿ ಹೆಡ್‌ಮಾಸ್ಟ್ರು ಕನ್ನಡಕ ತೆಗೆದು ಒರೆಸುತ್ತಿದ್ದರು, ಮಳೆಹನಿ ಬಿದ್ದಿತ್ತಂತೆ.

ಎಲ್ಲ ಮುಗಿದ ಮೇಲೆ ಮಕ್ಕಳಿಗೆ ಪೇಡೆ ಹಂಚಲು ಸಾಲು ಮಾಡಿಸಿದರು. ಡ್ರಿಲ್ ಮಾಸ್ತರರು ಕಟ್ಟೆಯ ಮೇಲೆ ಕೂತು ಎಡಗಾಲನ್ನು ತಿಕ್ಕಿಕೊಳ್ಳುತ್ತಿದ್ದರು.

“ಮಾಸ್ಟ್ರೆ, ನೀವು ಧ್ವಜ ನೋಡಲೇ ಇಲ್ಲ,” ಎಂದೆ.

“ನೋಡಿದ್ರ ಹೆಜ್ಜಿ ತಪ್ಪತಿತ್ರಿ.” ಆಮೇಲೆ ತಲೆಯೆತ್ತಿ ಎಂದಿನ ಪ್ರಶ್ನೆ ಕೇಳಿದರು. “ಹೆಂಗಿತ್ತು?”

ಬಾಯಿಗೆ ಬಂದದ್ದು ಹಳೆಯ ಉತ್ತರವೇ. ಅಷ್ಟರಲ್ಲಿ ಸಾಲಿನ ಮುಂದೆ ನಿಂತಿದ್ದ ಲೀಡರ್ ಹುಡುಗಿಯ ಕೆಂಪು ರಿಬ್ಬನ್ನು ಕಣ್ಣಿಗೆ ಬಿತ್ತು.

“ಮೊದಲಿಗಿಂತ ಎಷ್ಟೋ ಚೆಂದ ಉಂಟು ಮಾಸ್ಟ್ರೆ,” ಎಂದೆ. “ಆದರೆ ಕೊನೆಕೊನೆಗೆ ಎಡಗಾಲು ಸ್ವಲ್ಪ ಎಳೀತಿತ್ತು.”

ಅವರು ನನ್ನನ್ನೇ ನೋಡಿದರು. ಮೀಸೆಯ ಬಲತುದಿ ಮೇಲೇರಿತು, ಎಡತುದಿಯೂ ಅದರ ಹಿಂದೆ ಕೊಂಚ ಏರಿತು.

“ಹೌದ್ರಿ ಅಕ್ಕಾರ,” ಎಂದರು. “ನನಗೂ ಕೇಳಿಸ್ತು. ಆ ಹುಡುಗಿ ಕೇಳಿಸಿಕೊಟ್ಟಾಗಿಂದ ಕೇಳಸಾಕತ್ತೈತಿ.”

ಎದ್ದು, ಬಲಗಾಲು ಊರಿ, ಎಡಗಾಲು ತಂದು, ಅದರ ಮೇಲೆ ನಿಂತು, ಹಾಗೇ ಹೋಗಿ ಪೇಡೆಯ ಸಾಲಿನ ಕೊನೆಗೆ ನಿಂತರು.